ಅವಳ ಕಾರಿನ ಬ್ಯಾಟರಿ

ನನ್ನ ಹೆಂಡತಿ ತೀರಿಕೊಂಡ ಆರೇಳು ತಿಂಗಳಿಗೆ ಅವಳ ಕಾರಿನ ಬ್ಯಾಟರಿಯೂ ಕೈಕೊಟ್ಟಿತು. ಯಾವತ್ತು ಕೈಕೊಟ್ಟಿತೋ ನನಗೆ ಗೊತ್ತಿಲ್ಲ. ಗೊತ್ತಾದದ್ದು ಶಿವರಾತ್ರಿ ಕಳೆದ ಮೇಲೆ, ಅವಳ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಫಾರ್ಮಸಿಸ್ಟ್ ಒಬ್ಬ ಕಾರು ನೋಡಲು ಮನೆಗೆ ಬಂದಾಗ.

"ಸುಮ್ನ ನಿಂತೈತಲ್ರಿ ಸರ್. ಕೊಡೋ ವಿಚಾರ ಇದ್ರ ನನಗ ಹೇಳ್ರಿ. ಮೇಡಂ ಗಾಡಿ ಭಾಳ ಚಲೋ ಇಟ್ಕೊಂಡಿದ್ರು" ಅಂದ.

ಕೊಡುವ ವಿಚಾರ ಇದೆಯೋ ಇಲ್ಲವೋ ನಾನು ಯೋಚಿಸಿರಲಿಲ್ಲ. ಆದರೂ ಒಳಗೆ ಹೋಗಿ ಕೀಲಿ ತಂದು ಕೊಟ್ಟೆ. ಅವನು ಬಾಗಿಲು ತೆಗೆದು ಕೂತು ಕೀಲಿ ತಿರುಗಿಸಿದ. ಬಾನೆಟ್ಟಿನ ಒಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್ ಅಂತು, ಸ್ಟೇರಿಂಗಿನ ಮುಂದಿನ ಸಣ್ಣ ದೀಪಗಳು ಒಮ್ಮೆ ಮಿಣುಕಿ ಆರಿದವು. ಮತ್ತೆ ತಿರುಗಿಸಿದರೆ ಅಷ್ಟೂ ಇಲ್ಲ.

"ಬ್ಯಾಟರಿ ಸತ್ತೈತ್ರಿ" ಅಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ಬ್ಯಾಟರಿ ಹೋಗೈತಿ ಅಂದೆ ಸರ್. ಹೊಸಾದು ಒಂದು ಹಾಕಿಸಿಬಿಡ್ರಿ. ಮುಂದಿನ ಐತವಾರ ಬಂದು ಓಡಿಸಿ ನೋಡ್ತೀನಿ."

ಅವನು ಹೋದ ಮೇಲೆ ಕಾರಿನ ಬಾಗಿಲು ಹಾಕಿ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತೆ. ಬೇವಿನ ಎಲೆ, ಗುಬ್ಬಿ ಹಿಕ್ಕೆ, ಕೆಂಪು ದೂಳು ಕೂತು ಅದು ಯಾರ ಕಾರೋ ಅನ್ನುವ ಹಾಗಾಗಿತ್ತು. ನನ್ನದಂತೂ ಅಲ್ಲ. ಅದನ್ನು ನಾನು ಒಂದು ಗಜವೂ ಓಡಿಸಿದವನಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಅವಳು ತಾಲ್ಲೂಕಿನ ಆರೋಗ್ಯ ಇಲಾಖೆಯಲ್ಲಿ ಮೇಲ್ವಿಚಾರಕಿ. ಹಂಪಸಾಗರದ ಕಡೆಯ ಹಳ್ಳಿಗಳಿಗೆ ಹೋಗಿ, ಬಾಣಂತಿಯರನ್ನು ನೋಡಿ, ಮಕ್ಕಳ ಲಸಿಕೆ ಆಗಿದೆಯೇ ಅಂತ ವಿಚಾರಿಸಿ ಬರುವ ಕೆಲಸ. ಮೊದಲೆಲ್ಲ ಬಸ್ಸು, ಆಮೇಲೆ ಸ್ಕೂಟರು. ಸ್ಕೂಟರಿನ ಮೇಲೆ ಒಂದು ಮಳೆಗಾಲ ಕರಿಮಣ್ಣಿನಲ್ಲಿ ಜಾರಿ ಬಿದ್ದು ಮೊಣಕೈ ಮುರಿದುಕೊಂಡ ಮೇಲೆ, "ಇನ್ನ ನಾಕು ಗಾಲಿದ ಬೇಕು" ಅಂತ ಹಟ ಹಿಡಿದು ಈ ಸಣ್ಣ ಕಾರು ಕೊಂಡಳು. ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದ ತಿಂಗಳಲ್ಲೇ ಓಡಿಸುವುದನ್ನು ಕಲಿತಳು. ನನಗೂ ಕಲಿ ಅಂದಳು. ನನಗೆ ಹೆದರಿಕೆ. ಎದುರಿಗೆ ಲಾರಿ ಬಂದರೆ ಕಾಲು ತಂತಾನೇ ಮಡಚಿಕೊಳ್ಳುತ್ತಿತ್ತು.

"ಇರ್ಲಿ ಬಿಡ್ರಿ" ಅಂದಳು. "ನೀವು ಎಡಗಡೆ ನೋಡ್ರಿ, ಬಲಗಡೆ ನಾ ನೋಡ್ಕೊಂತೀನಿ."

ಹಾಗೆ ಹತ್ತು ಹನ್ನೆರಡು ವರ್ಷ ನಾನು ಎಡಗಡೆ ನೋಡಿದೆ. ಭಾನುವಾರ ಅಂಗಡಿ ಬಂದ್ ಇದ್ದಾಗ ಕೊಟ್ಟೂರಿಗೆ ಹೋಗುತ್ತಿದ್ದೆವು, ಹಡಗಲಿಯಲ್ಲಿ ಅವಳ ಅಕ್ಕನ ಮನೆಗೆ ಹೋಗುತ್ತಿದ್ದೆವು. ನಮಗೆ ಮಕ್ಕಳಿರಲಿಲ್ಲ. ಕಾರಿನಲ್ಲಿ ನಾವಿಬ್ಬರು, ಹಿಂದಿನ ಸೀಟಿನ ಮೇಲೆ ನೀರಿನ ಬಾಟಲಿ, ಒಂದು ಬುತ್ತಿ. ನಮ್ಮಿಬ್ಬರಲ್ಲಿ ಅವಳದೇ ಮಾತು ಜಾಸ್ತಿ. ದಾರಿ ಉದ್ದಕ್ಕೂ ಯಾವ ಹಳ್ಳಿಯಲ್ಲಿ ಯಾರ ಸೊಸೆಗೆ ರಕ್ತ ಕಡಿಮೆ, ಯಾರ ಅತ್ತೆ ಮಾತು ಕೇಳುವುದಿಲ್ಲ ಅಂತ ಹೇಳುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಜ್ವರ ಅಂತ ಮಲಗಿದವಳು ಮತ್ತೆ ಏಳಲಿಲ್ಲ. ಹೊಸಪೇಟೆಯ ಆಸ್ಪತ್ರೆಗೆ ಆಂಬ್ಯುಲೆನ್ಸಿನಲ್ಲಿ ಕರೆದುಕೊಂಡು ಹೋಗುವಾಗಲೂ ಕಣ್ಣು ಬಿಟ್ಟು, "ಗಾಡಿ ನೆಳ್ಳಿಗೆ ಹಚ್ಚೀರೇನು?" ಅಂತ ಕೇಳಿದಳು. ಹಚ್ಚಿದ್ದೇನೆ ಅಂದೆ. ಯಾರು ಹಚ್ಚಬೇಕು, ಅದು ನಿಂತಲ್ಲೇ ನಿಂತಿತ್ತು.

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಬ್ಯಾಟರಿ ಅಂಗಡಿ ಇದೆ. ಅಂಗಡಿಯವನು ನನ್ನ ವಾರಿಗೆಯವನು. ಊರಲ್ಲಿ ಎಲ್ಲರೂ ಭಾಯಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವನ ಮುಖ ಪರಿಚಯ ಇತ್ತೇ ಹೊರತು ಮಾತಿರಲಿಲ್ಲ. ಹೋಗಿ, ಕಾರಿಗೆ ಒಂದು ಬ್ಯಾಟರಿ ಬೇಕು ಅಂದೆ.

"ಯಾವ ಗಾಡಿ?"

ಹೇಳಿದೆ.

"ಪೆಟ್ರೋಲೋ ಡೀಸೆಲ್ಲೋ?"

"ಪೆಟ್ರೋಲ್."

"ಈಗ ಇರೋದು ಎಷ್ಟು ಆಂಪಿಯರಿಂದು?"

ನನಗೆ ಗೊತ್ತಿರಲಿಲ್ಲ.

"ಯಾವಾಗ ಹಾಕ್ಸಿದ್ರಿ? ನೀರು ಹಾಕೋ ಜಾತಿದೋ, ನೀರು ಬ್ಯಾಡದ್ದೋ?"

ಅದೂ ಗೊತ್ತಿರಲಿಲ್ಲ. ಅವನು ನಕ್ಕ. ಕೆಟ್ಟ ನಗೆಯಲ್ಲ. "ಆ ಗಾಡಿ ಮೇಡಂ ಓಡಸ್ತಾರಲ್ರಿ, ಆಸ್ಪತ್ರಿ ಮೇಡಂ? ಅವ್ರಿಗೆ ಫೋನ್ ಹಚ್ರಿ, ಕೇಳೋಣ."

"ಅವರು ಇಲ್ಲ" ಅಂದೆ.

"ಊರಾಗಿಲ್ಲೇನು? ಇರ್ಲಿ, ಬಂದ ಮ್ಯಾಲೆ ಕೇಳ್ಕೊಂಡು ಬರ್ರಿ. ಅವಸರ ಏನೈತಿ."

ಆಗಲೇ ಹೇಳಬಹುದಿತ್ತು. ಆದರೆ ಅಂಗಡಿ ಮುಂದೆ ಒಬ್ಬ ಟ್ರ್ಯಾಕ್ಟರಿನವ ನಿಂತಿದ್ದ, ಒಳಗೆ ಯಾರೋ ಇನ್ವರ್ಟರ್ ರಿಪೇರಿಗೆ ತಂದು ಕೂತಿದ್ದರು. ಅಷ್ಟು ಜನರ ಎದುರು ಆ ಮಾತು ಹೇಳಿ, ಎಲ್ಲರೂ ಅಯ್ಯೋ ಅಂದು, ನಾನು ಅದಕ್ಕೆ ತಲೆ ಆಡಿಸುವುದು ಬೇಡ ಅನಿಸಿತು. "ನಾನೇ ನೋಡ್ಕೊಂಡು ಬರ್ತೀನಿ" ಅಂದು ಮನೆಗೆ ಬಂದೆ.

ಬಾನೆಟ್ ತೆಗೆಯುವ ಹಿಡಿಕೆ ಎಲ್ಲಿದೆ ಅಂತ ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯಿತು. ತೆಗೆದು ನೋಡಿದರೆ ಹಳೆಯ ಬ್ಯಾಟರಿಯಲ್ಲಿ ವೈರು ಕಚ್ಚುವ ಒಂದು ತುದಿಗೆ ಹಸಿರು ಬಿಳುಪಿನ ಉಪ್ಪು ಬೆಳೆದಿತ್ತು. ಮೇಲೆ ಆರು ಬಿರಡೆಗಳು. ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ನೀರು ಯಾವಾಗಲೂ ಇರುತ್ತಿತ್ತು. ಅದು ಆಸ್ಪತ್ರೆಯದು, ಇಂಜೆಕ್ಷನ್ನಿಗೋ ಯಾತಕ್ಕೋ ಅಂದುಕೊಂಡಿದ್ದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಅಂತ ಈಗ ತಿಳಿಯಿತು. ಬ್ಯಾಟರಿಯ ಪಕ್ಕಕ್ಕೆ, ಅದನ್ನು ಹಾಕಿಸಿದ ತಾರೀಖನ್ನು ಅವಳು ಮಾರ್ಕರಿನಲ್ಲಿ ಬರೆದಿದ್ದಳು. ಲಸಿಕೆಯ ಸೀಸೆ ಒಡೆದ ಕೂಡಲೇ ಅದರ ಮೇಲೆ ಹೊತ್ತು ಬರೆಯಬೇಕು ಅನ್ನುವುದು ಅವರ ಕೆಲಸದ ಕಟ್ಟಳೆ. ಆ ರೂಢಿ ಅವಳಿಗೆ ಮನೆಯಲ್ಲೂ ಬಂದಿತ್ತು. ಉಪ್ಪಿನಕಾಯಿ ಭರಣಿಯ ಮೇಲೂ ಬರೆಯುತ್ತಿದ್ದಳು.

ಆಂಪಿಯರ್ ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡು ಮತ್ತೆ ಹೋದೆ. ಭಾಯಿ ಎರಡು ನಮೂನೆ ತೋರಿಸಿದ. ಒಂದಕ್ಕೆ ಆಗಾಗ ನೀರು ನೋಡಿ ಹಾಕಬೇಕು, ಬೆಲೆ ಕಡಿಮೆ. ಇನ್ನೊಂದಕ್ಕೆ ನೀರಿನ ಗೊಡವೆ ಇಲ್ಲ.

"ದೊಡ್ಡದು ಹಾಕಿದರೆ ಹೆಚ್ಚು ದಿನ ಬರೋದಿಲ್ಲವೇ?" ಅಂತ ಕೇಳಿದೆ.

"ಬ್ಯಾಟರಿ ಇಡೋ ತಟ್ಟ್ಯಾಗ ಕೂಡಂಗಿಲ್ರಿ. ಕೂತ್ರೂ ಈ ಸಣ್ಣ ಗಾಡಿಗೆ ಅದು ದಂಡ. ನಮ್ಮ ಕಡೆ ಬ್ಯಾಟರಿ ಕೊಲ್ಲೋದು ಬಿಸಿಲು. ದೊಡ್ಡದಾದ್ರ ಬಿಸಿಲಿಗೆ ಏನು ಹೆದರ್ತೈತೇನು?"

ನೀರು ಬೇಡದ್ದನ್ನೇ ಆರಿಸಿದೆ. ನೀರು ನೋಡುವವಳು ಇಲ್ಲವಲ್ಲ. ಅವನು ಕಪಾಟಿನಿಂದ ಒಂದನ್ನು ಎತ್ತಿ ಗಲ್ಲೆಯ ಮೇಲಿಟ್ಟ. ನನ್ನದು ಸಣ್ಣಕ್ಷರ ಓದುವ ಕಸುಬು. ಕನ್ನಡಕದ ಗಾಜಿನ ಮೇಲೆ ಕೂದಲೆಳೆಯ ಹಾಗೆ ಕೆತ್ತಿದ ಗುರುತನ್ನೂ ಹುಡುಕುತ್ತೇನೆ. ಬ್ಯಾಟರಿಯ ಅಂಚಿನಲ್ಲಿ ಏನೋ ಅಚ್ಚು ಕಂಡಿತು. ಅದೇನು ಅಂತ ಕೇಳಿದೆ.

"ತಯಾರಾದ ತಿಂಗಳ್ರಿ."

ಲೆಕ್ಕ ಹಾಕಿದರೆ ಕಳೆದ ಮಳೆಗಾಲದ್ದು. ಅವಳು ಇದ್ದಾಗಿನದು. "ಇದಕ್ಕಿಂತ ಹೊಸದು ಇಲ್ಲವೇ?"

ಅವನು ನನ್ನನ್ನು ಒಮ್ಮೆ ನೋಡಿ ಒಳಗಿನಿಂದ ಬೇರೆ ತಂದ. "ಕೂತಲ್ಲೇ ಹಳೇದಾಗ್ತಾವ್ರಿ ಇವು. ನೀವು ಕೇಳಿದ್ದು ಚಲೋ ಆತು" ಅಂದ.

ಮನೆಗೆ ಅವನೇ ಬಂದು ಹಾಕಿದ. ಹಾಕುವಾಗ ಗೊತ್ತಾಯಿತು, ತಂದದ್ದು ತಿರುವು ಮುರುವು. ಪ್ಲಸ್ ತುದಿ ಬಲಕ್ಕಿರಬೇಕಾದದ್ದು ಎಡಕ್ಕಿದೆ, ಕಾರಿನ ವೈರು ಅಲ್ಲಿಗೆ ಎಟುಕುತ್ತಿಲ್ಲ. ಎಳೆದ, ಬಗ್ಗಿಸಿದ, ಆಮೇಲೆ ಕೈಬಿಟ್ಟ. "ತಪ್ಪು ನಂದ, ನೋಡಿ ತರಬೇಕಿತ್ತು" ಅಂದು ಬಿಸಿಲಲ್ಲಿ ವಾಪಸು ಹೋಗಿ ಸರಿಯಾದದ್ದು ತಂದ. ಹಳೆಯದನ್ನು ಬಿಚ್ಚಿ ಸ್ಕೂಟರಿನ ಕಾಲಿನ ಜಾಗದಲ್ಲಿ ಇಟ್ಟುಕೊಂಡ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಸ್ವಲ್ಪ ಮುರಿಯುತ್ತಾರೆ, ಅದು ಪದ್ಧತಿ. ಅವಳ ಕೈಬರಹ ಇದ್ದ ಬದಿ ನನ್ನ ಕಡೆಗಿತ್ತು. ಅದನ್ನು ಇಟ್ಟುಕೊಳ್ಳಲೇ ಅನ್ನುವ ಮಾತು ಬಾಯಿಗೆ ಬಂತು. ಆಸಿಡ್ ತುಂಬಿದ ಡಬ್ಬಿ ಇಟ್ಟುಕೊಂಡು ಏನು ಮಾಡಲಿ?

ಭಾಯಿ ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಎದ್ದಿತು. ಆ ಸದ್ದು ಅಂಗಳದಲ್ಲಿ ಕೇಳಿ ಎಷ್ಟೋ ತಿಂಗಳಾಗಿತ್ತು. ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿ ನೋಡಿ ಒಳಗೆ ಹೋದರು.

ಮುಂದಿನ ಭಾನುವಾರ ಫಾರ್ಮಸಿಸ್ಟ್ ಬರಲಿಲ್ಲ. ಅದರಾಚೆಯ ಭಾನುವಾರ ನಾನೇ ಫೋನ್ ಮಾಡಿದೆ. ಹರಪನಹಳ್ಳಿಯಲ್ಲಿ ಅವನ ಮಾವ ಇನ್ನೊಂದು ಗಾಡಿ ನೋಡಿಕೊಟ್ಟರಂತೆ. "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್" ಅಂದ. ಬೇಸರವೇನೂ ಆಗಲಿಲ್ಲ. ಹೊಸ ಬ್ಯಾಟರಿ ಹಾಕಿದ ಕಾರು ಅಂಗಳದಲ್ಲಿ ಉಳಿಯಿತು ಅಷ್ಟೇ.

ಆ ಬೇಸಿಗೆಯಲ್ಲಿ ಒಂದು ಸಂಜೆ ಕರೆಂಟು ಹೋಗಿತ್ತು. ಒಳಗೆ ಸೆಕೆ. ಹೊರಗೆ ಬಂದವನು ಯಾಕೋ ಕಾರಿನ ಬಾಗಿಲು ತೆಗೆದು ನನ್ನ ಎಡಗಡೆಯ ಸೀಟಿನಲ್ಲಿ ಕೂತೆ. ಕೀಲಿಯನ್ನು ಅರ್ಧ ತಿರುಗಿಸಿದರೆ ರೇಡಿಯೊ ಹತ್ತುತ್ತದೆ ಅನ್ನುವುದು ನನಗೆ ಮೊದಲಿಂದಲೂ ಗೊತ್ತಿತ್ತು. ಅದನ್ನು ಹಚ್ಚುವುದು ಯಾವಾಗಲೂ ನನ್ನ ಕೆಲಸವಾಗಿತ್ತು. ರೈತರಿಗೆ ಯಾರೋ ಸೂರ್ಯಕಾಂತಿಯ ಹುಳದ ಬಗ್ಗೆ ಹೇಳುತ್ತಿದ್ದರು. ಕೇಳುತ್ತ ಕೂತೆ. ಮಾರನೆಯ ದಿನ ಕರೆಂಟು ಇತ್ತು, ಆದರೂ ಹೋಗಿ ಕೂತೆ. ಆಮೇಲೆ ಅಂಗಡಿ ಮುಚ್ಚಿ ಬಂದ ಕೂಡಲೇ ಅದೇ ರೂಢಿಯಾಯಿತು. ಅಳುತ್ತಿದ್ದೆ ಅಂತಲ್ಲ. ಅವಳೊಂದಿಗೆ ಮಾತಾಡುತ್ತಲೂ ಇರಲಿಲ್ಲ. ಮನೆಯ ಒಳಗೆ ಒಬ್ಬನೇ ಕೂತರೆ ಮಾಡಲು ಏನೂ ಇಲ್ಲ ಅನಿಸುತ್ತಿತ್ತು. ಕಾರಿನಲ್ಲಿ ಕೂತರೆ ಎಲ್ಲಿಗೋ ಹೊರಟವನು, ಯಾರೋ ಬರುವುದು ತಡವಾಗಿದೆ ಅನ್ನುವ ಹಾಗಿರುತ್ತಿತ್ತು. ಅಷ್ಟೇ ಸಾಕಾಗಿತ್ತು.

ಕಾರಹುಣ್ಣಿಮೆಯ ಮುಂಚೆ ಒಂದು ಸಂಜೆ ರೇಡಿಯೊ ಗೊರಗೊರ ಅಂದು ನಿಂತಿತು. ಬಾನೆಟ್ ಎತ್ತಿದೆ. ಹೊಸ ಬ್ಯಾಟರಿಯ ನೆತ್ತಿಯ ಮೇಲೆ ಒಂದು ಸಣ್ಣ ಗಾಜಿನ ಕಣ್ಣಿದೆ. ಹಸಿರಾಗಿದ್ದರೆ ತುಂಬಿದೆ ಅಂತ, ಕಪ್ಪಾದರೆ ಖಾಲಿ ಅಂತ ಭಾಯಿ ಹೇಳಿದ್ದ. ಅದು ಕಪ್ಪಾಗಿತ್ತು.

ಬೆಳಗ್ಗೆ ಭಾಯಿಗೆ ಹೇಳಿದೆ. ಅವನಿಗೆ ಮುಜುಗರವಾಯಿತು. ಒಮ್ಮೆ ತಿರುವು ಮುರುವು ತಂದಿದ್ದ, ಈಗ ಇದು. ಬಂದು, ಬಿಚ್ಚಿಕೊಂಡು, ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಂಗಡಿಗೆ ಹೋದ. ಯಂತ್ರಕ್ಕೆ ಹಚ್ಚಿ ಮುಳ್ಳು ನೋಡಿದ. ಮತ್ತೆ ನೋಡಿದ.

"ಬ್ಯಾಟರಿಗೆ ಏನೂ ಆಗಿಲ್ರಿ. ಹಸ್ದೈತಿ ಅಷ್ಟ. ಗಾಡಿ ಎಷ್ಟು ಓಡೈತಿ?"

"ಓಡಿಲ್ಲ. ಆಗಾಗ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟಿರ್ತೀನಿ."

"ಅದು ಸಾಲಂಗಿಲ್ಲ. ಚಾಲೂ ಮಾಡಾಕ ಉಂಡಿದ್ದು ತಿರುಗಿ ಕೂಡಾಕ ಗಾಡಿ ರೋಡಿನ ಮ್ಯಾಲೆ ಅರ್ಧ ತಾಸಾದ್ರೂ ಓಡಬೇಕು. ಇಷ್ಟಕ್ಕ ಇಷ್ಟು ಇಳಿಯಂಗಿಲ್ಲ ಬಿಡ್ರಿ. ಏನರ ಹಚ್ಚಿ ಬಿಡ್ತೀರೇನು? ಡಿಕ್ಕಿ ಲೈಟು? ಮೇಡಂ ಊರಿಂದ ಬಂದ್ರಿಲ್ಲೋ, ಅವ್ರನ್ನ ಕೇಳ್ರಿ."

ಅಂಗಡಿಯಲ್ಲಿ ಆಗ ಯಾರೂ ಇರಲಿಲ್ಲ.

"ಭಾಯಿ, ಅವಳು ತೀರಿಕೊಂಡು ಹತ್ತು ತಿಂಗಳಾಯ್ತು. ನಾನು ದಿನಾ ಸಂಜೆ ಕಾರಿನಲ್ಲಿ ಕೂತು ರೇಡಿಯೊ ಕೇಳ್ತೀನಿ" ಅಂದೆ.

ಅವನು ಕೈಯಲ್ಲಿದ್ದ ವೈರಿನ ಚಿಮಟವನ್ನು ಹಾಗೇ ಹಿಡಿದು ನಿಂತ. ಆಮೇಲೆ ಅದನ್ನು ಬ್ಯಾಟರಿಗೆ ಕಚ್ಚಿಸಿ, ಚಾರ್ಜರಿನ ಗುಂಡಿ ಒತ್ತಿ, ನನ್ನ ಕಡೆ ತಿರುಗದೆ, "ನನ್ನ ಮಗಳ ಹೆರಿಗಿ ಟೈಮಿನ್ಯಾಗ ಬಂದು ನಿಂತಿದ್ರು ಅವ್ರು. ನನಗ ಯಾರೂ ಹೇಳ್ಲೇ ಇಲ್ಲ" ಅಂದ. ನನ್ನ ಕಡೆ ತಿರುಗಿ, "ನಾ ಫೋನ್ ಹಚ್ರಿ ಅಂದಿದ್ದೆ ಅಲ್ಲ ನಿಮಗ?" ಅಂದ.

"ಅಂದಿದ್ರಿ."

"ಹೇಳಬೇಕಿಲ್ಲೇನ್ರಿ."

ಚಹಾ ತರಿಸಿದ. ಇಬ್ಬರೂ ಕುಡಿದೆವು. ಬ್ಯಾಟರಿ ತುಂಬಲು ಸಂಜೆಯವರೆಗೆ ಬೇಕು ಅಂದದ್ದರಿಂದ ನಾನು ನಮ್ಮ ಅಂಗಡಿಗೆ ನಡೆದು ಹೋದೆ. ಸಂಜೆ ತಂದು ಹಾಕುವಾಗ ಅವನು ಎರಡು ಸಂಗತಿ ಕಲಿಸಿಕೊಟ್ಟ. ಬಿಚ್ಚುವಾಗ ಮೊದಲು ಕಪ್ಪು ವೈರು, ಹಾಕುವಾಗ ಮೊದಲು ಕೆಂಪು. ತುದಿಗೆ ಉಪ್ಪು ಬಂದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ವ್ಯಾಸಲೀನ್ ಸವರಬೇಕು. ಗಾಡಿ ಹೊರಗೆ ತೆಗೆಯುವುದೇ ಇಲ್ಲ ಅಂದರೆ ಕಪ್ಪು ವೈರನ್ನು ಬಿಚ್ಚಿಟ್ಟುಬಿಡಿ ಅಂದ.

"ರೇಡಿಯೊ ಬೇಕಂದ್ರ ಮನ್ಯಾಗ ಒಂದು ತಗೊಂಡು ಇಟ್ಕೊಳ್ರಿ. ಇಲ್ಲಾ, ಗಾಡಿ ಓಡಸೋದು ಕಲಿಯಿರಿ. ಕೂತು ಕೂತು ಅದನ್ನ ಕೊಲ್ಲಬ್ಯಾಡ್ರಿ" ಅಂದ.

ಮೊದಲು ಸುಲಭದ್ದನ್ನೇ ಮಾಡಿದೆ. ಕಪ್ಪು ವೈರು ಬಿಚ್ಚಿಟ್ಟೆ. ಭಾನುವಾರಕ್ಕೊಮ್ಮೆ ಕೂಡಿಸಿ ಚಾಲೂ ಮಾಡುತ್ತಿದ್ದೆ. ಪ್ರತಿ ಸಲ ಕೂಡಿಸಿದಾಗಲೂ ಗಡಿಯಾರ ಹನ್ನೆರಡಕ್ಕೆ ಹೋಗಿ ನಿಂತಿರುತ್ತಿತ್ತು. ಅದನ್ನು ಸರಿ ಮಾಡಿ, ಸ್ವಲ್ಪ ಹೊತ್ತಿಗೆ ಮತ್ತೆ ವೈರು ಬಿಚ್ಚುವುದು. ಯಾರಿಗೋಸ್ಕರ ಗಡಿಯಾರ ಸರಿಮಾಡುತ್ತಿದ್ದೇನೆ ಅನಿಸುತ್ತಿತ್ತು. ವೈರು ಬಿಚ್ಚಿದ ಕಾರಿನಲ್ಲಿ ಸಂಜೆ ಕೂತರೆ ರೇಡಿಯೊ ಇಲ್ಲ, ಬರೀ ಬಿಸಿ ರೆಕ್ಸಿನ್ನಿನ ವಾಸನೆ. ಎರಡು ದಿನ ಕೂತು ನೋಡಿದೆ. ಆಗಲಿಲ್ಲ.

ಮಳೆ ಹಿಡಿದ ಮೇಲೆ ಡ್ರೈವಿಂಗ್ ಕಲಿಸುವವನ ಹತ್ತಿರ ಹೋದೆ. ಅವನು ಮೊದಲು ಲಾರಿ ಓಡಿಸುತ್ತಿದ್ದವನು, ಸಮಾಧಾನಿ. ನನ್ನ ವಯಸ್ಸು ಕೇಳಿ, "ಐವತ್ತೇಳಾ? ನಡೀತೈತಿ. ಅರವತ್ತರವ್ರಿಗೂ ಕಲಿಸೀನಿ" ಅಂದ. ಮೊದಲ ದಿನ ನಮ್ಮದೇ ಕಾರಿನ ಬಲಗಡೆಯ ಬಾಗಿಲು ತೆಗೆದು ಕೂತಾಗ ಕಾರೇ ಬೇರೆ ಅನಿಸಿತು. ಅಷ್ಟು ವರ್ಷ ಕಂಡ ರಸ್ತೆ ಒಂದು ಮೊಳ ಆಚೆ ಸರಿದಿತ್ತು. ನಾನು ಸ್ಟೇರಿಂಗ್ ಹಿಡಿದುಕೊಂಡು ಎಡಗಡೆಯನ್ನೇ ನೋಡುತ್ತಿದ್ದೆ. ಎಮ್ಮೆ, ಕಲ್ಲು, ಸೈಕಲ್ಲು, ಎಡಗಡೆಯದೆಲ್ಲ ಕಾಣುತ್ತಿತ್ತು. ಎದುರಿಗೆ ಬಸ್ಸು ಬಂದದ್ದು ಕಾಣುತ್ತಿರಲಿಲ್ಲ.

"ಸಾಹೇಬ್ರ, ಎಡಕ್ಕ ನಾನದೀನಿ. ನೀವು ಮುಂದ ನೋಡ್ರಿ" ಅನ್ನುತ್ತಿದ್ದ ಅವನು.

ಬಹಳ ದಿನ ಹಿಡಿಯಿತು. ಪರೀಕ್ಷೆಯಲ್ಲಿ ಮೊದಲ ಸಲ ಹಿಂದಕ್ಕೆ ತೆಗೆಯುವಾಗ ಕಂಬ ಬೀಳಿಸಿದೆ. ಎರಡನೆಯ ಸಲ ಪಾಸಾದೆ. ಲೈಸೆನ್ಸು ಕೈಗೆ ಬಂದ ದಿನ ಅದನ್ನು ಯಾರಿಗೆ ತೋರಿಸುವುದು ತಿಳಿಯದೆ ಭಾಯಿಯ ಅಂಗಡಿಗೆ ಹೋದೆ. ಅವನು ಕನ್ನಡಕ ಏರಿಸಿ ಫೋಟೊ ನೋಡಿ, "ಕಳ್ಳನಂಗ ಕಾಣ್ತೀರಿ" ಅಂದ. ಬಹಳ ದಿನದ ಮೇಲೆ ನಕ್ಕೆ.

ದೀಪಾವಳಿ ಕಳೆದ ಒಂದು ಭಾನುವಾರ ಒಬ್ಬನೇ ಹಡಗಲಿಗೆ ಹೊರಟೆ. ನನ್ನ ಹೆಂಡತಿಯ ಅಕ್ಕ ಅಲ್ಲಿರುತ್ತಾರೆ. ಗಂಡ ಹೆಂಡತಿ ಮಲ್ಲಿಗೆ ತೋಟ ಮಾಡಿಕೊಂಡಿದ್ದಾರೆ. ಅವಳ ತಿಥಿಯ ಕಾರ್ಯ ಮುಗಿದ ಮೇಲೆ ಎಷ್ಟೋ ಸಲ ಕರೆದಿದ್ದರು. ನಾನು ಹೋಗಿರಲಿಲ್ಲ. ಮೆಕ್ಕೆಜೋಳದ ಸುಗ್ಗಿ. ರಸ್ತೆಯ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಉಳಿದ ಅರ್ಧದಲ್ಲಿ ಹೋಗುವವರು, ಬರುವವರು. ಎದುರಿಗೆ ಟ್ರ್ಯಾಕ್ಟರ್ ಕಂಡಾಗಲೆಲ್ಲ ದೂರದಲ್ಲೇ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅಕ್ಕನ ಮನೆಯ ಓಣಿ ಇಕ್ಕಟ್ಟು. ತಿರುವಿನಲ್ಲಿ ಒಂದು ಆಕಳು ಮಲಗಿತ್ತು, ಹಾರ್ನ್ ಹೊಡೆದೆ. ಅಕ್ಕ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಿರಬಿರನೆ ಬಂದರು. ನೆಟ್ಟಗೆ ಬಲಗಡೆಯ ಬಾಗಿಲಿಗೆ ಬಂದು, ಬಗ್ಗಿ, ನನ್ನನ್ನು ನೋಡಿ ನಿಂತುಬಿಟ್ಟರು. ಕೈ ಬಾಗಿಲಿನ ಮೇಲೇ ಇತ್ತು.

"ನೀವಾ" ಅಂದರು.

ನಾನು ಇಳಿದೆ. ಅವರು ಕಟ್ಟೆಯ ಮೇಲೆ ಕೂತರು. "ಹಾರ್ನ್ ಕೇಳಿದ ಕೂಡ್ಲೆ ಅಕಿನ ಬಂದ್ಲು ಅಂತ ಎದ್ದೆ ನೋಡ್ರಿ. ಬಾಗ್ಲತನಕ ಬರೋದ್ರಾಗೂ ನೆಪ್ಪಾಗ್ಲಿಲ್ಲ" ಅಂದು ಸೆರಗನ್ನು ಬಾಯಿಗೆ ಹಿಡಿದರು. ನಾನು ಪಕ್ಕದಲ್ಲಿ ನಿಂತೇ ಇದ್ದೆ. ತಂದಿದ್ದ ಬಾಳೆಹಣ್ಣಿನ ಚೀಲ ಕೈಯಲ್ಲೇ ಇತ್ತು.

ಊಟಕ್ಕೆ ಬಡಿಸುತ್ತ ಕೇಳಿದರು, "ಇಷ್ಟು ದಿನ ಯಾಕ ಬರ್ಲಿಲ್ರಿ? ಬಸ್ಸಿಗೆ ಬರಬಹುದಿತ್ತಲ್ಲ."

"ಅವಳಿಲ್ಲದೆ ಈ ಮನೆಗೆ ಹೆಂಗ ಬರಬೇಕು ಗೊತ್ತಾಗ್ಲಿಲ್ಲ ಅಕ್ಕ."

"ನನಗೂ ನಿಮ್ಮನಿಗೆ ಹಂಗ ಆಗೈತಿ" ಅಂದು ಇನ್ನೊಂದು ರೊಟ್ಟಿ ಹಾಕಿದರು.

ಭಾವ ತೋಟಕ್ಕೆ ಹೋಗಿದ್ದರು. ಊಟ ಆದ ಮೇಲೆ ಅಕ್ಕ, ಮೊಣಕಾಲು ನೋವಿನಿಂದ ಬಸ್ಸು ಹತ್ತಲಾಗದೆ ಮೈಲಾರಕ್ಕೆ ಹೋಗಿ ವರ್ಷವಾಯಿತು, ಕರೆದುಕೊಂಡು ಹೋಗುತ್ತೀರಾ ಅಂತ ಕೇಳಿದರು. ಹೊರಟೆವು. ನಾನು ಮುಂದಿನ ಎಡಗಡೆಯ ಬಾಗಿಲು ತೆಗೆದು ನಿಂತೆ. ಅವರು ಯಾವಾಗಲೂ ಕೂರುತ್ತಿದ್ದ ಹಿಂದಿನ ಸೀಟಿಗೇ ಹೋಗಿ ಕೂತರು. ಅಷ್ಟು ದೂರವೂ ನನ್ನ ಪಕ್ಕ ಯಾರೂ ಇಲ್ಲ, ಹಿಂದಿನಿಂದ ಅವರು ಆಗೊಮ್ಮೆ ಈಗೊಮ್ಮೆ "ಸಾವಕಾಶ" ಅನ್ನುತ್ತಿದ್ದರು.

ಮೈಲಾರದಲ್ಲಿ ಅವತ್ತು ಜನ ಇರಲಿಲ್ಲ. ಅಕ್ಕ ದರ್ಶನ ಮಾಡಿ ಭಂಡಾರದ ಪೊಟ್ಟಣ ತಂದು ಒಂದು ಚಿಟಿಕೆ ಅರಿಶಿನವನ್ನು ಬಾನೆಟ್ಟಿಗೆ ಹಚ್ಚಿದರು. ಆಮೇಲೆ ಹೊಳೆಯ ಕಡೆ ಹೋಗಿ ನಿಂತೆವು. ನೀರು ಇಳಿದು ಬಂಡೆಗಳು ಕಾಣುತ್ತಿದ್ದವು. ಯಾರೋ ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕುತ್ತಿದ್ದರು. ಅಕ್ಕ, "ಅಕಿ ಆಂಬುಲೆನ್ಸಿನ್ಯಾಗ ಏನರ ಅಂದ್ಲೇನ್ರಿ?" ಅಂತ ಕೇಳಿದರು. ಇಷ್ಟು ದಿನ ಈ ಒಂದು ಮಾತನ್ನು ಅವರು ಹಿಡಿದುಕೊಂಡಿದ್ದರು ಅಂತ ಗೊತ್ತಾಯಿತು.

"ಗಾಡಿ ನೆರಳಿಗೆ ಹಚ್ಚೀರಾ ಅಂತ ಕೇಳಿದ್ಲು."

"ಮತ್ತೇನೂ ಇಲ್ಲಾ?"

"ಇಲ್ಲ."

ಅಕ್ಕ ಭಂಡಾರದ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, "ಅಕಿ ಹಂಗ" ಅಂದರು. ಅವರನ್ನು ಮನೆಗೆ ಬಿಟ್ಟು ಬೆಳಕು ಇರುವಾಗಲೇ ಊರಿಗೆ ಬಂದೆ. ಬಂದು ಬಾಗಿಲು ತೆಗೆದ ಮೇಲೆ, ಮುಟ್ಟಿದೆ ಅಂತ ಯಾರಿಗಾದರೂ ಹೇಳಬೇಕು ಅನಿಸಿ ಅಕ್ಕನಿಗೇ ಫೋನ್ ಮಾಡಿದೆ. ಎತ್ತಲಿಲ್ಲ, ಹೂ ಕಟ್ಟುತ್ತ ಕೂತಿರಬೇಕು.

ಈಗ ಆ ಬ್ಯಾಟರಿಗೆ ಎರಡು ಬೇಸಿಗೆ ಕಳೆದಿವೆ. ಭಾಯಿಯ ಪ್ರಕಾರ ಇನ್ನೂ ಒಂದೆರಡು ಬೇಸಿಗೆ ತಡೆದೀತು. ಗಾಡಿಯನ್ನು ಬೇವಿನ ನೆರಳಿಗೇ ಹಚ್ಚುತ್ತೇನೆ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ತುದಿಗಳನ್ನು ನೋಡುತ್ತೇನೆ, ಅಲುಗುತ್ತಿವೆಯೇ ಅಂತ ಬೆರಳಿನಿಂದ ಮುಟ್ಟುತ್ತೇನೆ. ಕನ್ನಡಕದ ಅಂಗಡಿಯ ಮೆತ್ತನೆ ಬಟ್ಟೆಯಿಂದ ಆ ಗಾಜಿನ ಕಣ್ಣನ್ನು ಒರೆಸುತ್ತೇನೆ. ದೀಪ, ಫ್ಯಾನು ಎಲ್ಲ ಆರಿಸಿ ಆಮೇಲೆ ಇಂಜಿನ್ ಬಂದ್ ಮಾಡುತ್ತೇನೆ. ಭಾನುವಾರ ಕೊಟ್ಟೂರಿಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು, ಅಲ್ಲಿಂದ ಕೂಡ್ಲಿಗಿ, ಕೂಡ್ಲಿಗಿಯಿಂದ ವಾಪಸು. ಕೆಲಸ ಏನೂ ಇಲ್ಲ. ಬ್ಯಾಟರಿ ತುಂಬಲಿ ಅಂತ ಹೋಗುತ್ತೇನೆ. ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ, ಅವರಿಗೂ ಅದು ಸರಿ ಅನಿಸುತ್ತದೆ. ಮಂಡಕ್ಕಿಯನ್ನು ಎರಡು ಪ್ಲೇಟ್ ಹೇಳುವ ರೂಢಿ ಹೋಗಲು ಬಹಳ ದಿನ ಬೇಕಾಯಿತು.

ಕಳೆದ ವಾರ ಕೊಟ್ಟೂರು ದಾಟಿ ಕೂಡ್ಲಿಗಿಯ ದಾರಿಯಲ್ಲಿ ಒಂದು ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಗಂಡ, ಹೆಂಡತಿ, ಮಡಿಲಲ್ಲಿ ಒಂದು ಕೂಸು. ಹರಪನಹಳ್ಳಿಯಲ್ಲಿ ಮದುವೆಗೆ ಹೋಗಬೇಕಂತೆ. ಚಹಾಕ್ಕೆ ನಿಲ್ಲಿಸಿದವರು, ಏಸಿ ಹಾಕಿಕೊಂಡೇ ಇಂಜಿನ್ ಬಂದ್ ಮಾಡಿ ಕೂತಿದ್ದರಂತೆ. ನನ್ನ ಡಿಕ್ಕಿಯಲ್ಲಿ ಭಾಯಿ ಕೊಟ್ಟ ವೈರಿನ ಜೋಡಿ ಇತ್ತು. ಕಾರನ್ನು ಅವರ ಕಾರಿನ ಮೂತಿಗೆ ಹತ್ತಿರ ತಂದು ನಿಲ್ಲಿಸಿದೆ. ಕೆಂಪಿಗೆ ಕೆಂಪು ಕಚ್ಚಿಸಿ, ಕಪ್ಪಿನ ಒಂದು ತುದಿಯನ್ನು ನನ್ನ ಬ್ಯಾಟರಿಗೆ, ಇನ್ನೊಂದನ್ನು ಅವರ ಇಂಜಿನ್ನಿನ ಕಬ್ಬಿಣಕ್ಕೆ ಹಚ್ಚಿದೆ. ನನ್ನದನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟು, "ಈಗ ಹೊಡೀರಿ" ಅಂದೆ. ಎದ್ದಿತು.

ಆ ಹೆಣ್ಣುಮಗಳು ಮಲ್ಲಿಗೆ ಮುಡಿದಿದ್ದಳು. ನೀರಿನ ಬಾಟಲಿ ಚಾಚುತ್ತ, "ಭಾಳ ಉಪಕಾರ ಆತ್ರಿ ಕಾಕಾ. ಮನಿಯವ್ರನ್ನ ಬಿಟ್ಟು ಒಬ್ರೇ ಹೊಂಟೀರೇನು?" ಅಂತ ಕೇಳಿದಳು.

"ಹೌದವ್ವ, ಒಬ್ಬನೇ" ಅಂದೆ.

"ದಾರಿಯಲ್ಲಿ ಎಲ್ಲೂ ಬಂದ್ ಮಾಡಬೇಡಿ, ಊರು ಮುಟ್ಟುವವರೆಗೆ ಓಡಲಿ" ಅಂತ ಅವಳ ಗಂಡನಿಗೆ ಹೇಳಿ ವೈರು ಸುತ್ತಿಕೊಂಡೆ. ಅವರು ಹೋದರು. ಕೂಸು ಹಿಂದಿನ ಗಾಜಿನಿಂದ ನೋಡುತ್ತಿತ್ತು, ಅದಕ್ಕೆ ಕೈ ಆಡಿಸಿದೆ. ಆಮೇಲೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳಲ್ಲಿ ಕೆಲವು ತಿರುಗುತ್ತಿದ್ದವು, ಕೆಲವು ನಿಂತಿದ್ದವು. ಹೊತ್ತು ಇನ್ನೂ ಇತ್ತು. ಆ ಹೆಣ್ಣುಮಗಳು ಕೊಟ್ಟ ನೀರು ಕುಡಿದು, ಬಾಟಲಿಯನ್ನು ಪಕ್ಕದ ಸೀಟಿನ ಮೇಲಿಟ್ಟು, ಕೂಡ್ಲಿಗಿಯ ಕಡೆಗೆ ಹೊರಟೆ.